ಬಿಕ್ಕಳಿಸದ ಉಪಾಧ್ಯಕ್ಷ

ಈ ಕಥೆಯಲ್ಲಿ ಬರುವ ಹೆಸರುಗಳನ್ನೆಲ್ಲ ನಾನೇ ಇಟ್ಟಿದ್ದೇನೆ. ಕೋರ್ಟು ಕಚೇರಿಗೆ ಹೆದರಿ ಹಾಗೆ ಮಾಡಿದೆ ಅಂದುಕೊಳ್ಳಬೇಡಿ. ನಮ್ಮೂರಲ್ಲಿ ಇದು ಊಟದ ಹೊತ್ತು. ನಾನು ನಿಜವಾದ ಹೆಸರು ಬರೆದು, ನೀವು ಅದನ್ನು ಬಾಯಿಬಿಟ್ಟು ಓದಿ, ಅಲ್ಲಿ ಯಾರಿಗೋ ಮುದ್ದೆಯ ತುತ್ತು ಗಂಟಲಲ್ಲಿ ನಿಂತರೆ ಆ ಪಾಪ ನನ್ನ ತಲೆಗೆ ಬೇಡ.

ಬೆನ್ನ ಹಿಂದೆ ಹೆಸರು ಹೇಳಿದರೆ ಬಿಕ್ಕಳಿಕೆ ಬರುತ್ತದೆ ಅನ್ನುವುದು ಎಲ್ಲ ಊರಲ್ಲೂ ಇರುವ ಮಾತು. ನಿಮ್ಮೂರಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮೂರಲ್ಲಿ ತಪ್ಪುವುದಿಲ್ಲ. ಒಂದು ಸಲ ಹೇಳಿದರೆ ಒಂದು, ಎರಡು ಸಲ ಹೇಳಿದರೆ ಎರಡು. ಎದುರಿಗೆ ನಿಂತು ಎಷ್ಟು ಕೂಗಿದರೂ ಏನೂ ಆಗುವುದಿಲ್ಲ. ನಿಮ್ಮ ಕಿವಿಗೆ ಬೀಳದ ಹಾಗೆ ಹೇಳಿದರೆ ಮಾತ್ರ. ಶಾಲೆ ತಪ್ಪಿಸಿ ಮಾವಿನ ತೋಪಿಗೆ ನುಗ್ಗಿದ ಹುಡುಗ ಮೇಷ್ಟ್ರು ಹಾಜರಿ ಕೂಗುವ ಹೊತ್ತಿಗೆ ಸರಿಯಾಗಿ ಮರದ ಮೇಲೆ ಬಿಕ್ಕಳಿಸುತ್ತಾನೆ, ಕೆಳಗೆ ಕಾವಲುಗಾರ ಕೋಲು ಹಿಡಿದು ಕಾಯುತ್ತಿರುತ್ತಾನೆ. ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವವರು ಮನೆಗೆ ಮೊದಲೇ ಹೇಳಿ ಕಳಿಸುತ್ತಾರೆ, ಪಾಯಸ ಆಮೇಲೆ ಕುಡೀರಿ ಅಂತ. ಒಂದೇ ಹೆಸರು ಇಬ್ಬರಿಗಿದ್ದರೆ ಒಬ್ಬನ ಬಿಕ್ಕಳಿಕೆಯನ್ನು ಇನ್ನೊಬ್ಬ ಸುಮ್ಮನೆ ಅನುಭವಿಸಬೇಕು, ಹಾಗಾಗಿ ನಮ್ಮಲ್ಲಿ ಯಾರೂ ಇನ್ನೊಂದು ಮನೆಯ ಹೆಸರನ್ನು ತಮ್ಮ ಮಗುವಿಗೆ ಇಡುವುದಿಲ್ಲ. ಮರ್ಯಾದಸ್ಥರು ಎದುರಿಗಿಲ್ಲದವರ ಹೆಸರನ್ನೇ ಎತ್ತುವುದಿಲ್ಲ. ಮೂಲೆಮನೆಯವರು, ಬಿಳಿ ಸ್ಕೂಟರಿನವರು, ಉದ್ದ ಕೂದಲಿನ ಲಾಯರು ಅಂತ ಏನೋ ಒಂದು ಹೇಳಿ ದಾಟಿಸುತ್ತಾರೆ. ಆಗದವರು ಮಾತ್ರ ಜಗಲಿ ಮೇಲೆ ಕೂತು, ಎದುರುಮನೆಯಲ್ಲಿ ಎಲೆ ಹಾಕಿದ ಸದ್ದು ಕೇಳಿಸಿಕೊಂಡು, ಮೆಲ್ಲಗೆ ಜಪ ಶುರು ಮಾಡುತ್ತಾರೆ.

ನನ್ನದು ಸೋಡಾ ಅಂಗಡಿ. ಇಂಥ ಊರಲ್ಲಿ ಸೋಡಾ ಅಂಗಡಿ ಇಟ್ಟವನು ಹೊಟ್ಟೆಗಿಲ್ಲದೆ ಸಾಯುವುದಿಲ್ಲ. ಬಿಕ್ಕಳಿಕೆ ಬಂದವನು ಬಂದು ಒಂದು ಸೋಡಾ ಕುಡಿಯುತ್ತಾನೆ, ಯಾರು ಹೇಳಿರಬಹುದು ಅಂತ ಯೋಚಿಸುತ್ತಾನೆ, ಯೋಚಿಸಿದ ಮೇಲೆ ಇನ್ನೊಂದು ಕುಡಿಯುತ್ತಾನೆ. ಅಂಗಡಿ ಇರುವುದು ಐ.ಬಿ., ಅಂದರೆ ಸಾಹೇಬರುಗಳು ಬಂದು ಇಳಿಯುವ ಸರ್ಕಾರಿ ಬಂಗಲೆಯ ಗೇಟಿಗೆ ಒತ್ತಿಕೊಂಡು, ಹಾಗಾಗಿ ಒಳಗೆ ಯಾರು ಹೋದರು, ಹೊರಗೆ ಯಾರು ಬಂದರು ಅನ್ನುವುದು ನಾನು ನೋಡಬೇಡ ಅಂದರೂ ಕಣ್ಣಿಗೆ ಬೀಳುತ್ತದೆ.

ರಾಜಕೀಯದವರಿಗೆ ಬಿಕ್ಕಳಿಕೆ ಅಂದರೆ ಬೇರೆಯೇ ವಿಷಯ. ಚುನಾವಣೆ ಬಂತು ಅಂದರೆ ಮೈಕಿನ ಆಟೋ ಬೀದಿ ಬೀದಿ ಸುತ್ತುತ್ತದೆ, ನಿಂತವನು ಮನೆಯಲ್ಲಿ ಗೋಡೆಗೆ ಒರಗಿ ಬಿಕ್ಕಳಿಸುತ್ತ ಕೂತಿರುತ್ತಾನೆ, ಬೆಂಬಲಿಗರು ಸುತ್ತ ನಿಂತು ಅದನ್ನು ಕೇಳಿ ಸಂತೋಷಪಡುತ್ತಾರೆ. ಎಣಿಕೆಯ ಹಿಂದಿನ ದಿನ ಚೆನ್ನಾಗಿ ನಿದ್ದೆ ಬಂದವನು ಸೋತ ಅಂತಲೇ ಅರ್ಥ. ನಮ್ಮ ಪುರಸಭೆಯ ಅಧ್ಯಕ್ಷ ಮುದ್ದುರಂಗಪ್ಪನವರಂತೂ ಮಾತಿನ ಮಧ್ಯೆ ಬಿಕ್ಕಳಿಸದೆ ಒಂದು ಭಾಷಣವನ್ನೂ ಮುಗಿಸಿದವರಲ್ಲ. ಬಿಕ್ಕಳಿಸಿದ ತಕ್ಷಣ ಒಂದು ಕೈ ಎದೆಯ ಮೇಲೆ ಇಟ್ಟು, "ಯಾರೋ ಬಡವರು ನೆನೆಸ್ಕೊಂಡ್ರು" ಅನ್ನುತ್ತಿದ್ದರು. ಜನ ಚಪ್ಪಾಳೆ ಹೊಡೆಯುತ್ತಿದ್ದರು.

ಅದೇ ವೇದಿಕೆಯ ಕೊನೆಯ ಕುರ್ಚಿಯಲ್ಲಿ ಬೋರಲಿಂಗಯ್ಯ ಕೂತಿರುತ್ತಿದ್ದ. ಉಪಾಧ್ಯಕ್ಷ. ನನ್ನ ಓರಗೆಯವನು, ದಿನಾ ಸಂಜೆ ನನ್ನ ಅಂಗಡಿಗೆ ಬರುವವನು. ಅವನು ಹುಟ್ಟಿದಾಗಿನಿಂದ ಬಿಕ್ಕಳಿಸಿರಲಿಲ್ಲ. ಖಾರ ತಿಂದಾಗ ಬರುವುದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರವ್ವ ಅವನನ್ನು ಮಗ ಅನ್ನುತ್ತಿದ್ದರು, ಹೆಂಡತಿ ರೀ ಅನ್ನುತ್ತಾಳೆ, ಶಾಲೆಗೆ ಒಂದು ದಿನವೂ ತಪ್ಪಿಸಿದವನಲ್ಲ, ಹಾಗಾಗಿ ಹಾಜರಿಯಲ್ಲೂ ಆ ಭಾಗ್ಯ ಸಿಗಲಿಲ್ಲ. ಅವನ ವಾರ್ಡಿನಲ್ಲಿ ಬೇರೆ ಯಾರೂ ಅರ್ಜಿ ಹಾಕದೆ ಅವಿರೋಧವಾಗಿ ಗೆದ್ದುಬಿಟ್ಟ, ಮೈಕಿನ ಆಟೋ ಅವನ ಹೆಸರನ್ನು ಕೂಗುವ ಪ್ರಸಂಗವೇ ಬರಲಿಲ್ಲ. ಎರಡು ಗುಂಪಿನ ಜಗಳದಲ್ಲಿ ಯಾರಿಗೂ ಬೇಡದ ಉಪಾಧ್ಯಕ್ಷಗಿರಿ ಇವನ ಮಡಿಲಿಗೆ ಬಿತ್ತು. ಕೆಲಸ ಒಂದೇ, ವಂದನಾರ್ಪಣೆ. ಇವನು ಎದ್ದು ನಿಲ್ಲುವ ಹೊತ್ತಿಗೆ ಜನ ಊಟದ ಪಂಕ್ತಿಗೆ ಓಡಿರುತ್ತಿದ್ದರು. ಶಂಕುಸ್ಥಾಪನೆಯ ಕಲ್ಲುಗಳಲ್ಲಿ ಇವನ ಹೆಸರು ತೀರಾ ಕೆಳಗಿನ ಸಾಲಿನಲ್ಲಿ ಇರುತ್ತಿತ್ತು, ಕಲ್ಲು ನೆಡುವಾಗ ಆ ಸಾಲು ಮಣ್ಣಿನೊಳಗೆ ಹೋಗುತ್ತಿತ್ತು.

"ಒಂದೇ ಒಂದ್ಸಲ ಹೆಂಗಿರುತ್ತೆ ಅಂತ ನೋಡ್ಬೇಕು ಕಣೋ" ಅನ್ನುತ್ತಿದ್ದ ನನ್ನ ಹತ್ತಿರ. "ಎಲ್ಲೋ ಯಾರೋ ನಮ್ಮ ಹೆಸ್ರು ಅಂದ್ರು ಅಂತ ಇಲ್ಲಿ ಎದೆ ಹಾರೋದು."

"ನಾನೇ ಅಂಗಡಿ ಹಿಂದೆ ಹೋಗಿ ಹೇಳ್ಲಾ?"

"ಕೇಳಿ ಹೇಳಿಸ್ಕೊಂಡ್ರೆ ಏನ್ ಬಂತು" ಅಂದುಬಿಟ್ಟ.

ಈಗ ಟ್ಯಾಂಕಿನ ವಿಷಯ. ಮೇಲಿನಪೇಟೆಗೆ ನೀರಿಲ್ಲ ಅಂತ ಪುರಸಭೆಯವರು ಅಲ್ಲೊಂದು ದೊಡ್ಡ ನೀರಿನ ಟ್ಯಾಂಕ್ ಕಟ್ಟಿಸಿದರು. ಮೊದಲು ಎತ್ತರದ ಕಾಲುಗಳು ಬಂದವು. ಆಮೇಲೆ ಉದ್ಘಾಟನೆ ಬಂತು. ನಡುವೆ ಬರಬೇಕಾದ್ದು ಒಂದು ಬರಲಿಲ್ಲ. ಮುದ್ದುರಂಗಪ್ಪನವರು ಟೇಪು ಕತ್ತರಿಸಿ ನಲ್ಲಿ ತಿರುಗಿಸಿದರು, ನೀರು ಬಂತು, ಒಂದು ಲೋಟ ಕುಡಿದು ಬಿಕ್ಕಳಿಸಿದರು, ಬೋರಲಿಂಗಯ್ಯ ವಂದನೆ ಅರ್ಪಿಸಿದ. ಕಾಲುಗಳ ಮೇಲೆ ಬರೀ ಆಕಾಶ ಇದ್ದದ್ದನ್ನು ಎಲ್ಲರೂ ನೋಡಿದ್ದರು. ಕಾಲು ಬಂದಿದೆ, ತಲೆ ಇಂದಲ್ಲ ನಾಳೆ ಬರುತ್ತೆ ಅಂತ ಸಮಾಧಾನ ಮಾಡಿಕೊಂಡರು. ಬೋರಲಿಂಗಯ್ಯನ ಹೆಂಡತಿ ಚೆನ್ನಾಜಮ್ಮ ಎಂದಿನಂತೆ ಕೊಡ ಎತ್ತಿಕೊಂಡು ಕೆಳಗಿನಪೇಟೆಯ ಬಾವಿಗೆ ಇಳಿದು ಹತ್ತುತ್ತಿದ್ದಳು. ಉಪಾಧ್ಯಕ್ಷರ ಮನೆಯಿದ್ದದ್ದೂ ಮೇಲಿನಪೇಟೆಯಲ್ಲೇ.

ಯಾರು ಅರ್ಜಿ ಹಾಕಿದರೋ, ಒಂದು ದಿನ ದೊಡ್ಡ ಊರಿನಿಂದ ತನಿಖೆಯವರು ಬಂದು ಐ.ಬಿ.ಯಲ್ಲಿ ಇಳಿದರು. ಅವರ ಮುಖ್ಯಸ್ಥೆ ಒಬ್ಬ ಹೆಂಗಸು, ಖಡಕ್ ಮನುಷ್ಯೆ. ಬಂದ ದಿನ ರಾತ್ರಿ ಊಟಕ್ಕೆ ಕೂತಾಗ ಏನು ಅನುಭವಕ್ಕೆ ಬಂತೋ, ಬೆಳಿಗ್ಗೆ ಅಂಗಿಯ ಮೇಲಿನ ಹೆಸರಿನ ಪಟ್ಟಿ ಕಿತ್ತಿಟ್ಟುಬಿಟ್ಟರು. ಅಂದಿನಿಂದ ಊರಿಗೆಲ್ಲ ಬರೀ ಮೇಡಂ.

ಮೇಡಂ ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ತನಿಖೆ ಗುಪ್ತ. ಆದರೆ ನಮ್ಮೂರಲ್ಲಿ ಯಾವುದನ್ನು ಗುಪ್ತವಾಗಿ ಇಡುವುದು. ಕಂಟ್ರಾಕ್ಟರ್ ಓಬಳೇಶ ಒಳಗೆ ಹೋದ, ಅತ್ತ ಹೊಸ ಮಿಠಾಯಿ ಅಂಗಡಿಯ ಟೇಪು ಕತ್ತರಿಸುತ್ತಿದ್ದ ಮುದ್ದುರಂಗಪ್ಪನವರಿಗೆ ಬಿಕ್ಕಳಿಕೆ ಹತ್ತಿಕೊಂಡು ಕತ್ತರಿ ಬೆರಳಿಗೆ ತಾಗಿತು. ಅಂದು ಬಡವರು ನೆನೆಸಿಕೊಂಡರು ಅನ್ನಲಿಲ್ಲ. ಪುರಸಭೆಯ ಇಂಜಿನಿಯರ್ ಪರಶಿವ ಒಳಗೆ ಹೋದ, ಇತ್ತ ಹಜಾಮತಿಗೆ ಕೂತಿದ್ದ ಓಬಳೇಶನ ಅರ್ಧ ಮೀಸೆ ಹೋಯಿತು. ಮುದ್ದುರಂಗಪ್ಪನವರು ಒಳಗೆ ಹೋದರು, ಪರಶಿವ ಮಾವನ ಮನೆಯ ಊಟದ ಪಂಕ್ತಿಯಿಂದ ಎದ್ದು ಹೋಗಬೇಕಾಯಿತು. ಮೂವರೂ ಒಬ್ಬರನ್ನೊಬ್ಬರು ನೋಡುವ ರೀತಿಯೇ ಬದಲಾಯಿತು. ನನ್ನ ಅಂಗಡಿಯಲ್ಲಿ ನಿಂಬೆಹಣ್ಣು ಸಾಲದೆ ಪಕ್ಕದ ಊರಿಂದ ತರಿಸಿದೆ.

ಚಾರ್ಜ್ ಶೀಟಿನಲ್ಲಿ ಯಾರು ಎಷ್ಟನೇ ಆರೋಪಿ ಅನ್ನುವುದರ ಮೇಲೆ ಅಂಗಡಿ ಮುಂದೆ ಬೆಳಿಗ್ಗೆಯಿಂದ ಸಂಜೆ ತನಕ ಚರ್ಚೆ. ಜೋರಾಗಿ ಬಿಕ್ಕಳಿಸಿದವನೇ ಎ-ಒನ್ ಅಂತ ಊರು ತೀರ್ಮಾನ ಮಾಡಿತ್ತು. ಒಂದು ಸಂಜೆ ಆರೋಪಿಗಳೇ ಆ ಚರ್ಚೆಗೆ ಇಳಿದರು.

"ಎ-ಒನ್ ನಾನೇ. ಅಧ್ಯಕ್ಷ ಯಾರು ಇಲ್ಲಿ?" ಅಂದರು ಮುದ್ದುರಂಗಪ್ಪನವರು.

"ಕಾಲು ಎತ್ತಿ ನಿಲ್ಸಿದ್ದು ನಾನು ಕಣಣ್ಣ" ಅಂದ ಓಬಳೇಶ. "ನೀವು ಬರೀ ಟೇಪು ಕತ್ತರ್ಸಿದ್ದು. ಟೇಪು ಕತ್ತರ್ಸಿದೋರ್ನ ಎ-ಒನ್ ಮಾಡ್ತಾರಾ ಯಾರಾದ್ರೂ?"

"ಲೇ, ಇಪ್ಪತ್ತು ವರ್ಷ ರಾಜಕೀಯ ಮಾಡಿ ನಿನ್ನ ಕೆಳಗೆ ಎ-ಟೂ ಆಗಿ ನಿಂತ್ಕೊಳ್ಲಾ ನಾನು? ಜನ ಏನಂತಾರೆ?"

ಇದನ್ನೆಲ್ಲ ಮೂಲೆಯ ಬೆಂಚಿನಿಂದ ಕೇಳಿಸಿಕೊಳ್ಳುತ್ತಿದ್ದವರು ಕದಿರಪ್ಪ. ರಿಟೈರ್ಡ್ ಪೋಸ್ಟ್‌ಮ್ಯಾನ್. ಜೀವನವಿಡೀ ಜನರ ಬಾಗಿಲಲ್ಲಿ ನಿಂತು ಹೆಸರು ಕೂಗಿದವರು, ಹಾಗಾಗಿ ಹೆಸರಿನ ವಿಷಯದಲ್ಲಿ ಅವರ ಮಾತೇ ಕೊನೆ. ಇಬ್ಬರೂ ಎದ್ದು ಹೋದ ಮೇಲೆ ಗಂಟಲು ಸರಿ ಮಾಡಿಕೊಂಡರು.

"ನೀವೆಲ್ಲ ಬಿಕ್ಕಳಿಸ್ತಿರೋರ್ನ ನೋಡ್ತಾ ಇದ್ದೀರ. ಬಿಕ್ಕಳಿಸ್ದೆ ಇರೋರ್ನ ನೋಡ್ರಪ್ಪ. ಒಳಗೆ ಯಾರೋ ಒಬ್ಬ ಎಲ್ಲಾ ಬಾಯಿ ಬಿಡ್ತಾ ಅವ್ನೆ, ಅದಕ್ಕೇ ಇವರಿಗೆಲ್ಲ ಬರ್ತಾ ಐತೆ. ಬಾಯಿ ಬಿಡೋನು ಊರೋರ ಹೆಸ್ರೆಲ್ಲ ಹೇಳ್ತಾನೆ. ತನ್ನದ್ ತಾನು ಹೇಳ್ಕೊತಾನಾ? ಹೇಳ್ಕೊಂಡ್ರೂ ತನ್ನ ಕಿವಿಗೆ ತಾನೇ ಬಿತ್ತಲ್ಲ. ಯಾರಿಗೆ ಬಿಕ್ಕಳಿಕೆ ಬಂದಿಲ್ವೋ ಅವ್ನೇ ಮಾಫಿ ಸಾಕ್ಷಿ."

ಮರುಕ್ಷಣ ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಬಿಕ್ಕಳಿಕೆ ಬಂತು.

ಮರುದಿನದಿಂದ ಪುರಸಭೆ ಕಟ್ಟಡಕ್ಕೆ ಹೋದರೆ ಕಪ್ಪೆಗಳ ಹೊಂಡಕ್ಕೆ ಹೋದ ಹಾಗಿರುತ್ತಿತ್ತು. ಗುಮಾಸ್ತರು, ಸದಸ್ಯರು, ಕಸದ ಗಾಡಿಯ ಮೇಸ್ತ್ರಿ, ಎಲ್ಲರಿಗೂ ಬಿಕ್ಕಳಿಕೆ. ನನ್ನನ್ನೂ ಸಿಕ್ಕಿಸುತ್ತಿದ್ದಾರೆ, ನಾನಂತೂ ಯಾರನ್ನೂ ಸಿಕ್ಕಿಸಿಲ್ಲ ಅಂತ ತೋರಿಸಿಕೊಳ್ಳಬೇಕಲ್ಲ. ಇಡೀ ಕಟ್ಟಡದಲ್ಲಿ ಸದ್ದಿಲ್ಲದೆ ಕೂತಿದ್ದವನು ಬೋರಲಿಂಗಯ್ಯ ಒಬ್ಬನೇ. ನಾನು ಕಿವಿಯಲ್ಲಿ ಹೇಳಿದೆ, ಸುಮ್ಮನೆ ಒಂದೆರಡು ಸಲ ಬಿಕ್ಕಳಿಸಿಬಿಡಪ್ಪ ಅಂತ. ಪ್ರಯತ್ನ ಮಾಡಿದ. ಜೀವನದಲ್ಲಿ ಮಾಡಿ ಗೊತ್ತಿಲ್ಲದವನು, ಉಸಿರು ಎಳೆದು, ಗಂಟಲು ಬಿಗಿ ಹಿಡಿದು, ಕದಿರಪ್ಪನವರ ಎದುರಿಗೇ ಒಂದು ದೊಡ್ಡ ತೇಗು ಬಿಟ್ಟ.

"ಊಟ ಚೆನ್ನಾಗಿತ್ತಾ?" ಅಂದರು ಕದಿರಪ್ಪ.

ಅಲ್ಲಿಗೆ ಮುಗಿಯಿತು. ಉಪಾಧ್ಯಕ್ಷರೇ ಮಾಫಿ ಸಾಕ್ಷಿ ಅನ್ನುವುದು ಸಂಜೆಯೊಳಗೆ ಊರಿಗೆಲ್ಲ ಹರಡಿತು. ಯಾರೂ ಅವನ ಹೆಸರು ಎತ್ತಲಿಲ್ಲ. ಎತ್ತಿದರೆ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಅವನಿಗೆ ಗೊತ್ತಾಗಿಬಿಡುತ್ತಿತ್ತಲ್ಲ. ಅದರ ಬದಲು ಮರ್ಯಾದೆ ಶುರುವಾಯಿತು. ಹೋಟೆಲಿನಲ್ಲಿ ಅವನು ಕೂತ ಮೇಜನ್ನು ಎರಡು ಸಲ ಒರೆಸಿದರು. ಕಚೇರಿಯ ಕೊನೆಯ ಕುರ್ಚಿಗೆ ಮೆತ್ತೆ ಬಂತು. ಎದುರಿಗೆ ಸಿಕ್ಕವರು ನಮಸ್ಕಾರ ಮಾಡಿ, ನಾನು ಆ ಟ್ಯಾಂಕಿನ ಹತ್ತಿರ ಸುಳಿದವನೇ ಅಲ್ಲ ಅಂತ ಕೇಳದೆ ಹೇಳಿ ಹೋಗುತ್ತಿದ್ದರು. ಬೋರಲಿಂಗಯ್ಯನಿಗೆ ಮೊದಲು ಗಾಬರಿಯಾಯಿತು, ಆಮೇಲೆ ಹಿತವಾಯಿತು, ಕೊನೆಗೆ ಇಸ್ತ್ರಿ ಮಾಡಿದ ಪಂಚೆ ಉಡತೊಡಗಿದ.

ಮೊದಲು ಮನೆಗೆ ಬಂದವರು ಮುದ್ದುರಂಗಪ್ಪನವರು, ಹಣ್ಣಿನ ಬುಟ್ಟಿ ಹೊರಿಸಿಕೊಂಡು. ಚೆನ್ನಾಜಮ್ಮ ನೀರು ತರಲು ಕೆಳಗಿನಪೇಟೆಗೆ ಹೋಗಿದ್ದಳು.

"ಬೋರಲಿಂಗ, ನಾನೂ ನೀನೂ ಅಣ್ಣತಮ್ಮಂದಿರ ಥರ. ನಿಜ ಹೇಳು, ಒಳಗೆ ಏನೇನ್ ಹೇಳ್ದೆ?"

"ನನ್ನ ಕರೆದೇ ಇಲ್ಲ ಅಣ್ಣ."

"ಕರೆದಿಲ್ಲ ಅನ್ನು ಅಂತ ಹೇಳ್ಕೊಟ್ಟಿರ್ತಾರೆ, ಗೊತ್ತು ಬಿಡು. ಲಾರಿ ವಿಷ್ಯ ಹೇಳ್ಬುಟ್ಯಾ?"

"ಯಾವ ಲಾರಿ?"

ಮುದ್ದುರಂಗಪ್ಪನವರು ಅವನ ಮುಖವನ್ನೇ ನೋಡಿದರು. "ಸರಿ, ಲಾರಿ ಹೇಳಿದ್ರೆ ಹೋಗ್ಲಿ. ಉದ್ಘಾಟನೆ ದಿನ ಟಾರ್ಪಾಲಿನ ಹಿಂದೆ ನೀರಿನ ಲಾರಿ ನಿಲ್ಸಿ ನಲ್ಲಿಗೆ ಪೈಪ್ ಕೊಟ್ಟಿದ್ದು ಯಾರಿಗ್ ಗೊತ್ತಿಲ್ಲ. ತೋಟದ ವಿಷ್ಯ ಹೇಳಿಲ್ಲ ತಾನೆ?"

"ಯಾವ ತೋಟ?"

"ಅಂದ್ರೆ ಅದೂ ಹೇಳಿದ್ದೀಯ." ಅವರು ತಾವೇ ತಂದ ಕಿತ್ತಳೆ ಹಣ್ಣನ್ನು ಸುಲಿಯಲು ಕೂತರು. "ನೋಡಪ್ಪ, ಟ್ಯಾಂಕಿನ ತಲೆ ನಮ್ಮ ತೋಟದಲ್ಲಿ ಐತೆ ನಿಜ. ಆದ್ರೆ ಅದನ್ನ ಅಲ್ಲಿ ಕಟ್ಸು ಅಂತ ನಾನು ಹೇಳಿದ್ದಲ್ಲ. ಓಬಳೇಶನೇ, ಅಣ್ಣ ಇಷ್ಟೆತ್ತರ ಕಾಂಕ್ರೀಟು ಹತ್ಸೋದು ಕಷ್ಟ, ಕೆಳಗೇ ಕಟ್ಬುಡಾಣ, ನಿಮ್ಮ ತೋಟಕ್ಕೂ ಆಯ್ತದೆ ಅಂದ. ಅದ್ರಲ್ಲಿ ಮೀನು ಬಿಟ್ಟಿದ್ದು ಮಾತ್ರ ನಾನು. ಮೀನಿನ ವಿಷ್ಯ ಮೇಡಂಗೆ ಗೊತ್ತಾ?"

ಬೋರಲಿಂಗಯ್ಯ ಅವರ ಕೈಯಲ್ಲಿದ್ದ ಕಿತ್ತಳೆ ಹಣ್ಣನ್ನೇ ನೋಡುತ್ತ ಕೂತ. ಅದನ್ನು ಅವರು ಹೇಗೆ ಅರ್ಥ ಮಾಡಿಕೊಂಡರೋ, ಹತ್ತಿರ ಸರಿದು ದನಿ ತಗ್ಗಿಸಿದರು.

"ಇನ್ನು ಮುಂದೆ ಒಂದಕ್ಷರ ಆಡ್ಬೇಡ. ಈ ಸಲ ಹೆಂಗೋ ದಾಟ್ಕೊಂಡ್ರೆ ಮುಂದಿನ ಚುನಾವಣೆಗೆ ನೀನೇ ಅಧ್ಯಕ್ಷ ಅಂತ ನಿಲ್ಲು. ನಿನ್ನ ಹೆಸ್ರು ಕೂಗೋಕೆ ಒಂದಲ್ಲ ಮೂರು ಆಟೋ ಬಿಡಿಸ್ತೀನಿ. ಬೆಳಿಗ್ಗೆ ಶುರುವಾದ ಬಿಕ್ಕಳಿಕೆ ಸಂಜೆ ತಂಕ ನಿಲ್ಬಾರ್ದು, ಹಂಗ್ ಮಾಡ್ಸ್ತೀನಿ."

ಆ ಮಾತು ಸೀದಾ ಹೋಗಿ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ಅವರು ಹೋದ ಬೆನ್ನಿಗೇ ಓಬಳೇಶ ಅರ್ಧ ಮೀಸೆಯಲ್ಲಿ ಬಂದ. ಅಧ್ಯಕ್ಷರು ಬಂದು ಹೋಗಿದ್ದನ್ನು ನೋಡಿದ್ದ. "ಎಲ್ಲಾ ನನ್ನ ತಲೇಗ್ ಕಟ್ಟವ್ರಾ?" ಅಂತ ಶುರು ಮಾಡಿ, ತೋಟಕ್ಕೆ ಸಿಮೆಂಟು ಹೋದ ದಾರಿ, ತನ್ನ ಹಳೆಯ ಮನೆ ಎರಡಂತಸ್ತಾದ ಬಗೆ ಎಲ್ಲವನ್ನೂ ಹೇಳಿ, ಇದನ್ನು ಹೇಳಬೇಡ ಅಂತ ಕೈ ಮುಗಿದು ಹೋದ. ಸಂಜೆ ಪರಶಿವ ಎಳನೀರು ಹಿಡಿದುಕೊಂಡು ಬಂದು ಅಳುವುದಕ್ಕೇ ಕೂತ.

"ಸರ್, ನಾನು ಸುಳ್ಳು ಅಳತೆ ಬರೆದಿಲ್ಲ ಸರ್. ಕಾಲು ಅಳೆದೆ, ಸರಿಯಾಗಿತ್ತು. ತೋಟಕ್ಕೆ ಹೋಗಿ ತಲೆ ಅಳೆದೆ, ಅದೂ ಸರಿಯಾಗಿತ್ತು. ಎರಡೂ ಕೂಡಿಸಿ ಟ್ಯಾಂಕ್ ಪೂರ್ತಿಯಾಗಿದೆ ಅಂತ ಸೈನ್ ಮಾಡಿದೆ. ಪೂರ್ತಿನೇ ಆಗಿದೆ ಸರ್. ಬೇರೆ ಬೇರೆ ಕಡೆ ಇದೆ ಅಷ್ಟೆ."

ಬೆಳಿಗ್ಗೆ ಏನೂ ಗೊತ್ತಿಲ್ಲದವನಾಗಿ ಎದ್ದ ಬೋರಲಿಂಗಯ್ಯ ದೀಪ ಹಚ್ಚುವ ಹೊತ್ತಿಗೆ ಈ ಪ್ರಕರಣದಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿರುವವನಾಗಿದ್ದ. ಚೆನ್ನಾಜಮ್ಮನಿಗೆ ಎಲ್ಲವನ್ನೂ ಹೇಳಿದ. ಮೂರು ಆಟೋದ ವಿಷಯವನ್ನೂ ಮುಚ್ಚಿಡಲಿಲ್ಲ. ಆಕೆ ಕೊಡದಿಂದ ಹಂಡೆಗೆ ನೀರು ಸುರಿಯುತ್ತಿದ್ದಳು, ಸುರಿದು ಮುಗಿಸಿದಳು.

"ಮೀನಿಗೆ ಬಿಟ್ಟವ್ರಾ ನೀರ್ನ?" ಅಂದಳು.

"ಹೂಂ."

"ಎಷ್ಟ್ ದೊಡ್ಡ ಮೀನಂತೆ?"

"ಅದು ಕೇಳ್ಲಿಲ್ಲ."

"ಕೇಳ್ಬೇಕಿತ್ತು" ಅಂದು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಮತ್ತೆ ಹೊರಟಳು. ಇನ್ನೇನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ವಾದ ಮಾಡಬಹುದಿತ್ತು. ಈಗ ಬರೀ ಇಳಿಜಾರಿನಲ್ಲಿ ಇಳಿಯುವ ಅವಳ ಚಪ್ಪಲಿ ಸದ್ದು ಕೇಳುತ್ತ ಕೂತ.

ಮರುದಿನ ಬೆಳಿಗ್ಗೆಯೇ ನನ್ನ ಅಂಗಡಿಗೆ ಬಂದು ಸೋಡಾ ಕೇಳಿದ. ಕೊಟ್ಟೆ. ಕುಡಿಯಲಿಲ್ಲ. "ಮೂರು ಆಟೋ ಕಣೋ" ಅಂದ. ಗೇಟಿನ ಹೊರಗೆ ಅಧ್ಯಕ್ಷರ ಜೀಪು ನಿಂತಿತ್ತು, ಒಳಗೆ ಅವರು ಕೂತು ಇವನನ್ನೇ ನೋಡುತ್ತಿದ್ದರು. ಒಂದು ಕಡೆ ಆ ಜೀಪು, ಒಂದು ಕಡೆ ಐ.ಬಿ.ಯ ಬಾಗಿಲು. ಬೋರಲಿಂಗಯ್ಯ ಸೋಡಾ ಬಾಟಲಿಯನ್ನು ಬೆಂಚಿನ ಮೇಲಿಟ್ಟು ಪಂಚೆ ಸರಿ ಮಾಡಿಕೊಂಡು ಗೇಟಿನೊಳಗೆ ನಡೆದ.

ಒಳಗೆ ಮೇಡಂ ಸೂಟ್‌ಕೇಸಿಗೆ ಬಟ್ಟೆ ತುಂಬಿಸುತ್ತಿದ್ದರು.

"ಯಾರು ನೀವು?"

"ಉಪಾಧ್ಯಕ್ಷ, ಮೇಡಂ."

"ಉಪಾಧ್ಯಕ್ಷ ಅಂತ ಒಬ್ಬರಿದ್ದಾರಾ?" ಅಂತ ಮೇಡಂ ತಮ್ಮ ಜತೆಯ ಪೇದೆಯನ್ನು ಕೇಳಿದರು. ಅವನು ಭುಜ ಕುಣಿಸಿದ.

"ಮೇಡಂ, ನಿಮ್ಮ ಮಾಫಿ ಸಾಕ್ಷಿ ಯಾರು ಅಂತ ಕೇಳ್ಬೋದಾ? ಊರೆಲ್ಲ ನಾನು ಅಂತ ತಿಳ್ಕೊಂಡದೆ."

"ನಮ್ಮ ಹತ್ರ ಯಾರೂ ಇಲ್ಲ ಸ್ವಾಮಿ. ಬಂದವರೆಲ್ಲ ಒಂದೇ ಹಾಡು ಹಾಡಿ ಹೋದ್ರು. ಮುದ್ದುರಂಗಪ್ಪ ಗೊತ್ತಾ ಅಂದ್ರೆ ಗೊತ್ತಿಲ್ಲ. ಓಬಳೇಶ ಗೊತ್ತಾ ಅಂದ್ರೆ ಗೊತ್ತಿಲ್ಲ. ನಾನು ಕೇಳಿದ್ದೇ ಬಂತು. ನಾಳೆ ಬೆಳಿಗ್ಗೆ ಫೈಲು ಮುಚ್ಚಿ ಹೊರಡ್ತಾ ಇದ್ದೀವಿ."

ಅಷ್ಟು ಹೊತ್ತಿಗೆ ಗೇಟಿನ ಹೊರಗೆ ಜೀಪಿನಿಂದ ಒಂದು ಬಿಕ್ಕಳಿಕೆ ಕೇಳಿಸಿತು. ಬೋರಲಿಂಗಯ್ಯನಿಗೆ ಎಲ್ಲವೂ ತಿಳಿಯಿತು. ಇಷ್ಟು ದಿನ ಊರಿಗೆ ಬಿಕ್ಕಳಿಕೆ ತರಿಸಿದ್ದು ಉತ್ತರಗಳಲ್ಲ, ಮೇಡಂ ಕೇಳಿದ ಪ್ರಶ್ನೆಗಳು. ಯಾರೂ ಯಾರನ್ನೂ ಸಿಕ್ಕಿಸಿರಲಿಲ್ಲ. ಬಾಯಿ ಬಿಗಿ ಹಿಡಿದು ಹೊರಬಂದವರು ಪರಸ್ಪರ ಅನುಮಾನಪಟ್ಟು ಅವನ ಮನೆಯ ಜಗಲಿಗೆ ಬಂದು ಎಲ್ಲ ಕಕ್ಕಿ ಹೋಗಿದ್ದರು. ಈಗ ಅವನು ಸುಮ್ಮನೆ ನಮಸ್ಕಾರ ಮಾಡಿ ಹೊರಗೆ ಬಂದರೆ ಸಾಕಿತ್ತು, ನಾಳೆ ಫೈಲು ಮುಚ್ಚುತ್ತಿತ್ತು, ಆಟೋಗಳು ಬರುತ್ತಿದ್ದವು.

"ಕೂತ್ಕೋಬೋದಾ ಮೇಡಂ" ಅಂದ.

ಮಧ್ಯಾಹ್ನದ ತನಕ ಬಾಗಿಲು ತೆರೆಯಲಿಲ್ಲ. ಹೊರಗೆ ನಡೆದದ್ದನ್ನು ನಾನು ಹೇಳುತ್ತೇನೆ. ಮೊದಲು ಮುದ್ದುರಂಗಪ್ಪನವರಿಗೆ ಹತ್ತಿಕೊಂಡಿತು, ಪ್ರತಿ ಬಿಕ್ಕಳಿಕೆಗೂ ಎದೆ ಜೀಪಿನ ಹಾರನ್ನಿಗೆ ಬಡಿದು ಬೀದಿಗೆಲ್ಲ ಕೇಳಿಸಿತು. ಅವರದು ನಿಂತ ಮೇಲೆ ಬಜಾರಿನ ಕಡೆಯಿಂದ ಓಬಳೇಶನದು. ಆಮೇಲೆ ಪುರಸಭೆಯ ಮಹಡಿಯಿಂದ ಪರಶಿವನದು. ಮತ್ತೆ ಮುದ್ದುರಂಗಪ್ಪನವರು, ಈ ಸಲ ಜೋರಾಗಿ. ತೋಟದ ಭಾಗ ಬಂತು ಅಂತ ಕಾಣುತ್ತದೆ. ಕದಿರಪ್ಪ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತು ಸಂಗೀತ ಕೇಳಿದ ಹಾಗೆ ಕೇಳುತ್ತಿದ್ದರು. ಸುಳ್ಳು ಬಿಕ್ಕಳಿಕೆಯವರೆಲ್ಲ ತೆಪ್ಪಗಾದರು. ನಿಜವಾದ್ದರ ಪಕ್ಕ ಅವರದು ಬಣ್ಣಗೆಟ್ಟುಹೋಯಿತು.

ಹೇಳಿಕೆ ಮುಗಿದ ಮೇಲೆ ಬೋರಲಿಂಗಯ್ಯ ಒಂದೇ ಒಂದು ವಿಷಯ ಕೇಳಿದನಂತೆ.

"ನಾನು ಎಷ್ಟನೇ ಆರೋಪಿ ಮೇಡಂ?"

"ನೀವು ಆರೋಪಿನೇ ಅಲ್ಲ."

"ಎ-ಹನ್ನೊಂದು, ಎ-ಹನ್ನೆರಡು, ಆ ಕಡೆ ಎಲ್ಲಾದ್ರೂ?"

"ಇಲ್ಲ ಸ್ವಾಮಿ. ನೀವು ಸಂರಕ್ಷಿತ ಸಾಕ್ಷಿ. ನಿಮ್ಮ ಹೆಸರು ಎಲ್ಲೂ ಬರಲ್ಲ. ಕೋರ್ಟಲ್ಲಿ ಬರಲ್ಲ, ಪೇಪರಲ್ಲಿ ಬರಲ್ಲ, ಊರಲ್ಲಿ ಯಾರೂ ಬಾಯಲ್ಲಿ ಎತ್ತೋ ಹಾಗಿಲ್ಲ. ಎತ್ತಿದರೆ ಅವರ ಮೇಲೆ ಕೇಸು. ನಿಮ್ಮ ಒಳ್ಳೇದಕ್ಕೇ."

ಬೋರಲಿಂಗಯ್ಯ ಥ್ಯಾಂಕ್ಸ್ ಹೇಳಿದ. ವಂದನಾರ್ಪಣೆಯ ಅಭ್ಯಾಸ.

ಮರುದಿನ ಮೈಕಿನ ಆಟೋ ಬಂತು. ಒಂದೇ ಬಂತು. ಸಾಕ್ಷಿಯ ಹೆಸರನ್ನು ಯಾರೂ ಎಲ್ಲಿಯೂ ಯಾವ ಕಾರಣಕ್ಕೂ ಹೇಳಕೂಡದು ಅಂತ ಬೀದಿ ಬೀದಿ ಸಾರಿತು. ಅದು ಮನೆಯ ಮುಂದೆ ಹೋಗುವಾಗ ಬೋರಲಿಂಗಯ್ಯ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡ.

ಮುಂದಿನದು ಬೇಗ ಬೇಗ ಆಯಿತು. ತೋಟದಲ್ಲಿ ಟ್ಯಾಂಕಿನ ತಲೆ ಸಿಕ್ಕಿತು, ಮೀನಿನ ಸಮೇತ. ಇದು ಟ್ಯಾಂಕಲ್ಲ, ನಮ್ಮ ತಾತನ ಕಾಲದ ಕಟ್ಟೆ ಅಂತ ಮುದ್ದುರಂಗಪ್ಪನವರು ವಾದಿಸಿದರು, ಆದರೆ ಅದರ ಮೈಮೇಲೆ ಪುರಸಭೆ ಅಂತ ದೊಡ್ಡದಾಗಿ ಬಣ್ಣದಲ್ಲಿ ಬರೆದಿತ್ತು. ಓಬಳೇಶ ಕೆಲಸದಲ್ಲಿ ಅಚ್ಚುಕಟ್ಟು. ಚಾರ್ಜ್ ಶೀಟ್ ಬಂದಾಗ ಊರಿಗೇ ಆಶ್ಚರ್ಯ. ಎರಡೂ ಅಳತೆಗೆ ಸಹಿ ಹಾಕಿದ ಪರಶಿವನೇ ಎ-ಒನ್. ಓಬಳೇಶ ಎ-ಟೂ. ಮುದ್ದುರಂಗಪ್ಪನವರು ಎ-ಥ್ರೀ. ಅರೆಸ್ಟಾದಾಗ ತಲೆ ಎತ್ತಿಕೊಂಡು ಹೋದವರು ಇದನ್ನು ಕೇಳಿ ತಲೆ ತಗ್ಗಿಸಿದರು. ಹಗೆಯವರಿಗೂ ಅಯ್ಯೋ ಅನ್ನಿಸಿತು.

ಕೋರ್ಟಿನ ಅಪ್ಪಣೆಯಂತೆ ಟ್ಯಾಂಕಿನ ತಲೆಯನ್ನು ತೋಟದಿಂದ ಕಿತ್ತು, ಉದ್ದದ ಟ್ರೇಲರಿನ ಮೇಲೆ ಮೆರವಣಿಗೆ ಮಾಡಿ, ಕ್ರೇನಿನಲ್ಲಿ ಎತ್ತಿ ಕಾಲುಗಳ ಮೇಲೆ ಕೂರಿಸಿದರು. ಪರಶಿವನ ಅಳತೆ ನಿಜವಾಗಿಯೂ ಸರಿಯಿತ್ತು, ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಮೇಲಿನಪೇಟೆಗೆ ನಲ್ಲಿ ಬಂತು. ಶುರುವಿನಲ್ಲಿ ಒಮ್ಮೊಮ್ಮೆ ಕೊಡಕ್ಕೆ ಮೀನು ಬೀಳುತ್ತಿತ್ತು, ಯಾರೂ ದೂರು ಕೊಡಲಿಲ್ಲ.

ಊರಿಗೆ ಊರೇ ಬೋರಲಿಂಗಯ್ಯನಿಗೆ ಕೃತಜ್ಞತೆ ಹೇಳಲು ಕಾಯುತ್ತಿತ್ತು, ಹೇಳುವಂತಿರಲಿಲ್ಲ. ಮೇಲಿನಪೇಟೆಯ ಹೆಂಗಸರು ನಲ್ಲಿ ತಿರುಗಿಸುವಾಗ ಅವನ ಮನೆಯ ಕಡೆ ನೋಡಿ ತುಟಿ ಬಿಗಿ ಹಿಡಿಯುತ್ತಿದ್ದರು. ಮೊದಲಾದರೆ ಜನಕ್ಕೆ ಅವನ ಹೆಸರು ನೆನಪಿರಲಿಲ್ಲ. ಈಗ ಎಲ್ಲರಿಗೂ ನಾಲಿಗೆ ತುದಿಯಲ್ಲಿತ್ತು, ಹೊರಗೆ ಬಿಡುವವರಿಲ್ಲ. ಅವನೇ ಒಂದು ದಿನ ನನಗೆ ಹೇಳಿದ, "ಹೋಗ್ಲಿ ಬಿಡು, ಎಲ್ಲರಿಗೂ ಎಲ್ಲಾ ಬರ್ಬೇಕು ಅಂತ ಏನಿದೆ." ಆ ಮೇಲೆ ಆ ಮಾತು ಎತ್ತಲಿಲ್ಲ.

ಮುಂದಿನದನ್ನು ನನಗೆ ಯಾರು ಹೇಳಿದರು ಅಂತ ಕೇಳಬೇಡಿ, ಕಾನೂನಿದೆ.

ಒಂದು ಮಧ್ಯಾಹ್ನ ಬೋರಲಿಂಗಯ್ಯ ಊಟಕ್ಕೆ ಕೂತಿದ್ದ. ಚೆನ್ನಾಜಮ್ಮ ಬಡಿಸಿ, ಹಿತ್ತಲಲ್ಲಿ ಪಾತ್ರೆ ಇದೆ ಅಂತ ಎದ್ದು ಹೋದಳು. ಹಿತ್ತಲಿನ ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಜೋರಾಗಿ, ಪೂರ್ತಿ ತಿರುಗಿಸಿದ ಹಾಗೆ. ಬೋರಲಿಂಗಯ್ಯನ ಎದೆ ಒಂದು ಸಲ ಹಾರಿತು. ಏನಾಯಿತು ಅಂತ ತಿಳಿಯದೆ ಕೈ ತುತ್ತಿನ ಮೇಲೇ ನಿಂತಿತು. ಖಾರ ಇರಬಹುದು ಅಂತ ತಟ್ಟೆ ನೋಡಿದ. ಮೊಸರನ್ನ. ಮತ್ತೊಂದು ಸಲ ಹಾರಿತು, ಈ ಸಲ ಸದ್ದೂ ಬಂತು.

ಎಂಜಲು ಕೈಯಲ್ಲೇ ಎದ್ದು ಹಿತ್ತಲ ಬಾಗಿಲಿಗೆ ಬಂದ. ನಲ್ಲಿಯ ನೀರು ಕಲ್ಲಿನ ಮೇಲೆ ಧೋ ಎಂದು ಬೀಳುತ್ತಿತ್ತು, ಕೆಳಗೆ ಒಂದು ಪಾತ್ರೆಯೂ ಇರಲಿಲ್ಲ. ಚೆನ್ನಾಜಮ್ಮ ಬೆನ್ನು ಹಾಕಿ, ಕಾಂಪೌಂಡ್ ಗೋಡೆಗೆ ಮುಖ ಮಾಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಕಿವಿಯವರೆಗೆ ಕೆಂಪಾಗಿದ್ದಳು. ಸೆರಗು ಒಂದು ಸಲ ಅಲ್ಲಾಡಿತು. ಇಲ್ಲಿ ಇವನಿಗೆ ಬಂತು.

ಏನು ಹೇಳುತ್ತಿದ್ದಾಳೆ, ಬರೀ ಹೆಸರೋ, ಹಿಂದೆ ಮುಂದೆ ಇನ್ನೇನಾದರೂ ಸೇರಿಸಿದ್ದಾಳೋ, ಕೇಳಬೇಕು ಅಂತ ಅವನ ಕಾಲು ಹೊಸ್ತಿಲು ದಾಟಿತು. ಹತ್ತಿರ ಹೋದರೆ ಕಿವಿಗೆ ಬೀಳುತ್ತದೆ. ಕಿವಿಗೆ ಬಿದ್ದರೆ ನಿಂತುಹೋಗುತ್ತದೆ. ಬೋರಲಿಂಗಯ್ಯ ಕಾಲನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡು, ಬಾಗಿಲ ಸಂದಿಯಲ್ಲಿ ಉಸಿರು ಹಿಡಿದು ನಿಂತ. ಇನ್ನೊಂದು ಬಂತು.